ಗಡಹಿಂಗ್ಲಜದ ಬಾವಿಯೊಳಗಿನ ಬಿಳಿ ವೈನು

ಇಚಲಕರಂಜಿಯಲ್ಲಿ ಬೆಳಗಿನ ಎಸ್.ಟಿ. ಬಸ್ಸು ಹತ್ತಿದಾಗ ನನ್ನ ಬಳಿ ಎರಡೇ ಸಾಮಾನು: ಒಂದು ಕೈಚೀಲ, ಇನ್ನೊಂದು ನನ್ನ ನಾಲಿಗೆ. ಕೈಚೀಲ ಕಳೆದರೆ ಕಳೆಯಲಿ, ನಾಲಿಗೆ ಮಾತ್ರ ಊರಿನ ಆಸ್ತಿ. ಮೂವತ್ತು ವರ್ಷ ನಾನು ಸೈಜಿಂಗ್ ಮೇಸ್ತ್ರಿ. ಮಗ್ಗಕ್ಕೆ ಹೋಗುವ ನೂಲಿಗೆ ಹಚ್ಚುವ ಗಂಜಿಯನ್ನು ತುದಿನಾಲಿಗೆಗೆ ಮುಟ್ಟಿಸಿ, ಹುಳಿ ಬಂದಿದ್ದರೆ ನಿಂತಲ್ಲೇ ಚೆಲ್ಲಿಸುತ್ತಿದ್ದೆ. ಹುಳಿ ಗಂಜಿ ಕುಡಿದ ನೂಲು ಮಗ್ಗದ ಮೇಲೆ ಪಟಪಟನೆ ಹರಿಯುತ್ತದೆ. ಪಕ್ಕದ ಯಡ್ರಾವ ಊರಿನ ಮಗ್ಗದ ಮಾಲಕರು ಕೂಡ ಡಬ್ಬಿಯಲ್ಲಿ ಗಂಜಿ ತಂದು ನನಗೆ ತೋರಿಸಿಕೊಂಡು ಹೋಗುತ್ತಿದ್ದರು.

ಹೊರಟದ್ದು ಗಡಹಿಂಗ್ಲಜಕ್ಕೆ, ಷಡ್ಡಕ ಮಾರುತಿಯ ಮನೆಗೆ. ಅವನು ಇಪ್ಪತ್ತು ವರ್ಷ ಪಣಜಿಯಲ್ಲಿ ಒಬ್ಬ ಪೋರ್ತುಗೀಸ ಸಾಹೇಬನಿಗೆ ಅಡುಗೆ ಮಾಡಿದವನು. ಗೋವಾ ನಮ್ಮ ದೇಶಕ್ಕೆ ಸೇರಿದ ಮೇಲೆ ಸಾಹೇಬ ಹಡಗು ಹತ್ತಿದ. ಹತ್ತುವ ಮುಂಚೆ ಮಾರುತಿಯ ಕೈಗೆ ಒಂದು ಬಾಟಲಿ ಬಿಳಿ ವೈನು ಕೊಟ್ಟ. "ಇಪ್ಪತ್ತ ವರ್ಷ ದುಡದು ಒಂದ ಸೀಸೆ ಸಿರ್ಕಾ ತಂದಾನ" ಎಂದು ಓಣಿ ನಗತೊಡಗಿತು. ಸಿರ್ಕಾ ಎಂದರೆ ಉಪ್ಪಿನಕಾಯಿಗೆ ಹಾಕುವ ವಿನೆಗರ್. ಮಾರುತಿ ನನಗೆ ಕಾಗದ ಬರೆಸಿದ: "ಅಣ್ಣಾರ, ನೀವು ರುಚಿ ನೋಡಿ ಹೇಳ್ರಿ. ನಿಮ್ಮ ಮಾತಿಗೆ ಓಣಿ ತಲಿ ಬಾಗತೈತಿ." ಅದು ದಾರೂಬಂದಿಯ ಕಾಲ. ಇಬ್ಬರೂ ಡಾಕ್ಟರ ಚೀಟಿಯ ಮೇಲೆ ಕುಡಿಯಲು ಪರ್ಮಿಟ್ ಮಾಡಿಸಿದ್ದೆವು. ನನ್ನ ಕಾಯಿಲೆ ಯಾವುದೆಂದು ಈಗ ನೆನಪಿಲ್ಲ.

ಹದಿನೆಂಟು ಮೈಲಿಗೆ ಕೊಲ್ಹಾಪುರ. ಸ್ಟ್ಯಾಂಡಿನ ಹತ್ತಿರ ಮಿಸಳ ತಿಂದು, ಖಾರದ ಮಂಡಕ್ಕಿ ಮಾರುವವಳ ಮುಂದೆ ನಿಂತೆ. ಅಲ್ಲಿ ಇದಕ್ಕೆ ಭಡಂಗ ಎನ್ನುತ್ತಾರೆ. ಇನ್ನಷ್ಟು ಕೆಂಪು ಚಟ್ನಿ ಕಲಸು ಎಂದೆ. ಕಲಸಿದಳು. ಇನ್ನೂ ಎಂದೆ.

"ಆಜೋಬಾ, ಪೋಟಾಚಾ ವಿಚಾರ ಕರಾ!" ಎಂದು ನಕ್ಕಳು. ಅಜ್ಜಾ, ಹೊಟ್ಟೆಯ ವಿಚಾರ ಮಾಡು ಎಂದು. ಹೊಟ್ಟೆ ನನ್ನದಲ್ಲ ತಂಗೀ, ಗೋವಾದ ಸಪ್ಪೆ ಅಡುಗೆಯವನದು ಎಂದು ಹೇಳದೆ ಪೊಟ್ಟಣ ಕಟ್ಟಿಸಿಕೊಂಡೆ. ಅವನ ಕಣ್ಣಲ್ಲಿ ನೀರು ತರಿಸುವುದೇ ನನ್ನ ಪ್ರವಾಸದ ಗುಟ್ಟಾಗಿತ್ತು.

ನಿಪ್ಪಾಣಿಯ ತಂಬಾಕಿನ ಘಾಟು, ಸಂಕೇಶ್ವರದ ಚಹಾ ದಾಟಿ ಮೂರು ತಾಸಿಗೆ ಗಡಹಿಂಗ್ಲಜ ಮುಟ್ಟಿದೆ. ಬೆಳಗಿನ ಚಳಿ ಹೋಗಿ ಬಿಸಿಲು ಚುರುಗುಟ್ಟುತ್ತಿತ್ತು. ಮಾರುತಿ ಹಿತ್ತಲ ಬಾವಿಯಿಂದ ಹಗ್ಗ ಎಳೆದ. ಒದ್ದೆ ಬಟ್ಟೆ ಸುತ್ತಿದ ಬಾಟಲಿ ಮೇಲೆ ಬಂತು.

"ಮೊದಲ ಮೀನಾ ಬೇಯ್ಲಿ ಅಣ್ಣಾರ, ಆಮ್ಯಾಗ ಕುಡಿಯೂನು."

"ನನ್ನ ನಾಲಿಗಿಗೆ ಮೀನಿನ ಶಿಫಾರಸು ಬೇಕೇನೋ? ಹಾಕು. ಮೊದಲ ಈ ಭಡಂಗ ತಿನ್ನು."

ಅವನು ನಾಲ್ಕು ಕಾಳು ಬಾಯಿಗೆ ಹಾಕಿ ಕೈ ಒರೆಸಿಕೊಂಡ. ಅವನನ್ನು ಉಬ್ಬಿಸಲು ನಾನು ಮೂರು ಮುಷ್ಟಿ ಮುಕ್ಕಿದೆ. ಆಮೇಲೆ ಗ್ಲಾಸು ಎತ್ತಿ ಒಂದು ಗುಟುಕು. ಹುಳಿ! ಬರೀ ಹುಳಿ! ಮೂವತ್ತು ವರ್ಷದ ಕೈ ತಾನೇ ಬಾಗಿತು. ಗ್ಲಾಸು ಬಾಳೆಯ ಬುಡಕ್ಕೆ ಬರಿದಾಯಿತು.

"ಹುಳಿ ಬಂದೈತಿ! ಚೆಲ್ರಿ ಇದನ್ನ!" ಎಂದು ಕೂಗಿದೆ.

ಗೋಡೆಯಾಚೆ ನೆರೆಯ ಭೀಮಣ್ಣನ ತಲೆ ಮೂಡಿತು. "ಮೇಸ್ತ್ರಿಯವ್ರೂ ಅಂದ್ರ ನೋಡು! ನಾ ಏನ್ ಅಂದಿದ್ದೆ? ಸಿರ್ಕಾ!"

ಮಾರುತಿ ಬಾಟಲಿಯ ಬಾಯಿ ಒರೆಸಿದ. ಬಿರಡೆ ಒತ್ತಿ, ಬಾಟಲಿಯನ್ನು ಮೆಲ್ಲಗೆ ಮತ್ತೆ ಬಾವಿಗೆ ಇಳಿಸಿದ. ಅವನ ಹೆಂಡತಿ, ನನ್ನ ನಾದಿನಿ ಗಂಗವ್ವ ಒಲೆಯ ಮುಂದಿನಿಂದಲೇ ಅಂದಳು: "ಮಾವಾರ, ಅದನ್ನ ದಿನಾ ಒರಸಿ ಇಡ್ತಿದ್ರು ಅವ್ರು. ನೀವು ಬರೂ ಹಾದಿ ನೋಡ್ಕೋತ."

ಭಡಂಗದ ಖಾರ ಆಗ ನನ್ನ ಕಣ್ಣಿಗೇ ಹತ್ತಿತು.

"ಖಾರಾ ನುಂಗಿದ ನಾಲಿಗಿಗೆ ಅದು ಬರೇ ಹುಳೀನ ಅಣ್ಣಾರ," ಎಂದ ಮಾರುತಿ, ಬಾವಿಯ ಹಗ್ಗ ಬಿಗಿಯುತ್ತಾ. "ಬರೇ ಅನ್ನ ತಿಂದು ಅರ್ಧಾ ತಾಸ ಸುಮ್ನ ಕುಂದರ್ರಿ."

ಅರ್ಧ ತಾಸು ಸುಮ್ಮನೆ! ಹುಟ್ಟಿದಾಗಿನಿಂದ ಅಂಥ ಶಿಕ್ಷೆ ಅನುಭವಿಸಿರಲಿಲ್ಲ.

ಆಜರಾ ಊರಿನ ಅಕ್ಕಿಯ ಘಮಘಮಿಸುವ ಅನ್ನ, ಹಿರಣ್ಯಕೇಶಿ ಹೊಳೆಯ ಮೀನು. ಮೀನಿಗೆ ಬರೀ ಉಪ್ಪು, ಲಿಂಬೆ, ತುಸು ಕಾಯಿಹಾಲು. ಬಾಳೆ ಎಲೆಯಲ್ಲಿ ಸುತ್ತಿ ಆವಿಯಲ್ಲಿ ಬೇಯಿಸಿದ್ದ. ಒಂದು ತುತ್ತು ಮೀನು, ಒಂದು ಗುಟುಕು ವೈನು. ಅದೇ ಬಾಟಲಿ, ಬೇರೆಯದೇ ಲೋಕ! ಹಸಿ ಮಾವಿನಕಾಯಿಯ ಸಿಪ್ಪೆ, ಲಿಂಬೆ ಎಲೆ, ಮಳೆಗೆ ನೆನೆದ ಕಲ್ಲು. ನಾಲಿಗೆಯ ತುದಿಗೆ ಸೂಜಿಯಂಥ ಸಣ್ಣ ಚುಚ್ಚು. ಮೀನಿನ ಜಿಡ್ಡನ್ನು ಒರೆಸಿ, ಕಾಯಿಹಾಲಿನ ಸಿಹಿಯನ್ನು ಎತ್ತಿ ತೋರಿಸಿ, ತಾನು ಸದ್ದಿಲ್ಲದೆ ಇಳಿದುಹೋಯಿತು.

"ಸಾಹೇಬನ ದೇಶದ ಬಡಗಣ ಸೀಮಿ ಭಾಳ ಮಳಿ ಸೀಮಿ ಅಂತ್ರಿ," ಎಂದ ಮಾರುತಿ. ಈಗ ಅವನ ದನಿ ಬಂದಿತ್ತು. "ಹೊಲದ ಬದುವಿನ ಗಿಡದ ಮ್ಯಾಲ ದ್ರಾಕ್ಷಿ ಬಳ್ಳಿ ಹಬ್ಬಿಸ್ತಾರ, ನಮ್ಮ ಅವರಿಬಳ್ಳಿ ಹಂಗ. ಕೆಳಗ ಗೋವಿನಜ್ವಾಳ, ಮ್ಯಾಲ ದ್ರಾಕ್ಷಿ. ಏಣಿ ಹಾಕಿ ಹರೀತಾರ. ಎಳೇದಿದ್ದಾಗ ಕುಡಿಯೂದು, ಅದಕ್ಕ ಹಸರು ವೈನು ಅಂತಾರ್ರಿ. ಬಣ್ಣ ಬಿಳೀನ. ಸಾಹೇಬ ಮೀನಾ ಇಲ್ದ ಮುಟ್ಟತಿರಲಿಲ್ಲ."

ಕೈ ತೊಳೆದು ನೆಟ್ಟಗೆ ಗೋಡೆಯ ಬಳಿ ಹೋದೆ. ಕೂಗಿ ಹೇಳಿದ್ದನ್ನು ಪಿಸುಗುಟ್ಟಿ ಹಿಂತೆಗೆಯಲು ಬರುವುದಿಲ್ಲ.

"ಭೀಮಣ್ಣಾ! ಓಣಿಯವ್ರ ಎಲ್ಲಾರೂ ಕೇಳ್ರಿ! ತಪ್ಪು ನನ್ನ ನಾಲಿಗೀದು. ಇದು ಸಿರ್ಕಾ ಅಲ್ಲ. ಹುಳಿಯೊಳಗ ಇಷ್ಟ ಶಾಣ್ಯಾತನ ನಾ ಎಲ್ಲೂ ಕಂಡಿಲ್ಲ. ಮಾರುತಿ ಗೆದ್ದಾನ!"

"ಹಂಗಾರ ಮೇಸ್ತ್ರಿ, ಮೂವತ್ತ ವರ್ಷ ನೀವು ಚೆಲ್ಲಿಸಿದ ಗಂಜಿ?"

"ಆ ಮಾತ ಬಿಡು. ತನ್ನ ತಪ್ಪ ತಾನ ಹಿಡಿಯೂ ನಾಲಿಗಿ ಇಡೀ ಜಿಲ್ಲಾದಾಗ ಇದೊಂದ!"

"ನಮಗೊಂದೀಟ ಕೊಡ್ರಲಾ."

"ಪರ್ಮಿಟ್ ಐತೇನು? ಇಲ್ಲಲಾ? ವಾಸನಿ ತಗೋ." ಬಿರಡೆ ಚಾಚಿದೆ. ಭೀಮಣ್ಣ ಕಣ್ಣು ಮುಚ್ಚಿ ಮೂಸಿದ. ಒಡನೆ ವಾಪಸು ಕೊಡಲಿಲ್ಲ.

ಮರುದಿನ ಬಸ್ಸು ಹೊರಟಾಗ ಕಿಟಕಿಯಿಂದ ಹಿಂದೆ ನೋಡಿದೆ. ಮಾರುತಿಯ ಕಂಕುಳಲ್ಲಿ ಖಾಲಿ ಬಾಟಲಿ. ಸುತ್ತ ಓಣಿಯ ನಾಲ್ಕು ಮಂದಿ ಸರದಿಯ ಪ್ರಕಾರ ಬಿರಡೆ ಮೂಸುತ್ತಿದ್ದರು. ಯಾರೂ ನಗುತ್ತಿರಲಿಲ್ಲ.