ದೋಣಿಯ ಬೆನ್ನಿಗೆ ಒಂದು ತೂತು

ಆಕಾಶಕ್ಕೆ ಮುಖ ಮಾಡಿ ಏನನ್ನು ಬೇಕಾದರೂ ಕಟ್ಟಬಲ್ಲೆ ಎಂಬ ಜಂಬ ನನಗಿತ್ತು. ರಾಣೆಬೆನ್ನೂರಿನಲ್ಲಿ ಟಿ.ವಿ. ರಿಪೇರಿ ಅಂಗಡಿ ಇಟ್ಟವನು ನಾನು. ಮನೆಮನೆಗೂ ಡಿಶ್ ಬರತೊಡಗಿದ ಆ ವರ್ಷಗಳಲ್ಲಿ ಬ್ಯಾಡಗಿಯಿಂದ ಕುಪ್ಪೇಲೂರಿನವರೆಗೆ ಹತ್ತದ ಮಾಳಿಗೆಯಿಲ್ಲ. ಹೀಗಿರುವಾಗ, ಕುಡಿಯುವ ನೀರಿನ ಕಾಮಗಾರಿಗೆ ಹೊಳೆಯಲ್ಲಿ ಆಳದ ಜಾಗ ಹುಡುಕುತ್ತಿದ್ದ ಇಂಜಿನಿಯರರೊಬ್ಬರು ಹಾವೇರಿಯಿಂದ ಬಂದು, ನೀರಿನ ಆಳ ಅಳೆಯುವ ಸೋನಾರ್ ಯಂತ್ರವನ್ನು ಹೊಳೆದಂಡೆಯ ಮೇಡ್ಲೇರಿಯ ದೋಣಿಗೆ ಕಟ್ಟಿಕೊಡುತ್ತೀರಾ ಎಂದರು. ಅದಕ್ಕೇನು ಮಹಾ ಎಂದುಬಿಟ್ಟೆ. ಈಜು ಬರುತ್ತದೆಯೇ ಎಂದು ಅವರು ಕೇಳಲಿಲ್ಲ, ಬಾರದೆಂದು ನಾನೂ ಹೇಳಲಿಲ್ಲ.

ಯಂತ್ರವೆಂದರೆ ಒಂದು ಪುಟ್ಟ ಪರದೆ, ಒಂದು ವೈರು, ವೈರಿನ ತುದಿಗೆ ಮುಷ್ಟಿಗಾತ್ರದ ಕಪ್ಪು ಟ್ರಾನ್ಸ್‌ಡ್ಯೂಸರು. ಅದು ದೋಣಿಯ ಹಿಂಬದಿಯಲ್ಲಿ ನೀರೊಳಗೆ ಮುಳುಗಿರಬೇಕು. ಬಾವಿಗೆ ಬಗ್ಗಿ ಕೂಗಿದರೆ ದನಿ ತಿರುಗಿ ಬರುತ್ತದಲ್ಲ, ಹಾಗೆಯೇ ಇದು ನಮ್ಮ ಕಿವಿಗೆ ಕೇಳಿಸದ ದನಿಯನ್ನು ತಳಕ್ಕೆ ಕಳಿಸಿ, ಅದು ತಿರುಗಿ ಬರಲು ಹಿಡಿದ ಹೊತ್ತಿನಿಂದ ಆಳ ಹೇಳುತ್ತದೆ. ನಡುವೆ ನೀರಿನ ಗುಳ್ಳೆ ಬಂದರೆ ಮಾತ್ರ ಗಲಿಬಿಲಿಗೊಂಡು ಏನೇನೋ ಅಂಕಿ ತೋರಿಸುತ್ತದೆ. ಅಷ್ಟು ಜಾಣ ವಸ್ತು ಇಷ್ಟು ಸಣ್ಣದಕ್ಕೆ ಕಂಗೆಡುವುದನ್ನು ಕೈಪಿಡಿಯಲ್ಲಿ ಓದಿ, ಇದೂ ನಮ್ಮ ಪೈಕಿಯೇ ಎಂದು ಅಕ್ಕರೆ ಹುಟ್ಟಿತು.

ದೋಣಿ ಅಂಬಿಗರ ಹನುಮಂತಣ್ಣನದು. ಊರವರು ಆಚೆ ದಡದ ಹೊಲಗಳಿಗೆ ಹೋಗುವುದು ಅದರಲ್ಲೇ, ಅವನ ಅನ್ನವೂ ಅದರಲ್ಲೇ. ಅದನ್ನು ದಡಕ್ಕೆ ಎಳೆದಿಟ್ಟು, "ಉಂಡು ಬರ್ತೇನಿ, ಕುಂದ್ರಿ" ಎಂದು ಹೋದ. ಸುಮ್ಮನೆ ಕೂರುವ ಜಾತಿಯೇ ನನ್ನದು? ಗೋಡೆ ಕಂಡಲ್ಲೆಲ್ಲ ಕೊರೆದು ರೂಢಿಯಾದ ಕೈ. ಕೈಡ್ರಿಲ್ ತೆಗೆದು ಹಿಂಬದಿಯ ಹಲಗೆಗೆ, ನೀರಿನ ಗೆರೆಗಿಂತ ಕೆಳಗೆ, ಒಂದು ತೂತು ಕೊರೆದೇಬಿಟ್ಟೆ. ಎರಡನೆಯದಕ್ಕೆ ಗುರುತು ಹಾಕುತ್ತಿದ್ದಾಗ ಹನುಮಂತಣ್ಣ ಬಂದು ನಿಂತ.

ಬೈದಿದ್ದರೆ ಚೆನ್ನಾಗಿತ್ತು. ಅವನು ತೂತಿಗೆ ಕಿರುಬೆರಳಿಟ್ಟು ನೋಡಿ, "ಇದು ಗ್ವಾಡಿ ಅಲ್ರಿ ಸಾಹೇಬ್ರ, ದೋಣಿ" ಎಂದ, ಅಷ್ಟೆ. ನಾನು ಡ್ರಿಲ್ಲನ್ನು ಚೀಲಕ್ಕೆ ಸೇರಿಸಿದೆ.

ಅವನೇ ಸಾಗವಾನಿಯ ಚೂರೊಂದನ್ನು ಗೂಟದಂತೆ ಕೆತ್ತಿ, ಹತ್ತಿ ಸುತ್ತಿ, ತೂತಿಗೆ ಬಡಿದು, ಮೇಲೆ ರಾಳ ಕಾಸಿ ಬಳಿದ. ಆಮೇಲೆ ದೋಣಿಯನ್ನು ನೀರಿಗಿಳಿಸಿ, ಸೊಂಟಮಟ್ಟದ ನೀರಿನಲ್ಲಿ ಅದನ್ನು ತಳ್ಳುತ್ತ ನಡೆದ. ಒಂದು ಅಂಗೈ ಮಾತ್ರ ಹಲಗೆಯ ಕೆಳಗೆ ಅತ್ತಿತ್ತ ಆಡುತ್ತಿತ್ತು. "ಇಲ್ಲಿ ನೀರು ಗದ್ಲ ಮಾಡಂಗಿಲ್ರಿ. ಇಲ್ಲೇ ಕಟ್ಟೋಣು" ಎಂದ. ಗುಳ್ಳೆಯೇಳದ ಜಾಗ ಹುಡುಕುವುದು ಹೇಗೆಂದು ನನ್ನ ಕೈಪಿಡಿಯಲ್ಲಿ ಚಿತ್ರಸಮೇತ ನಾಲ್ಕು ಪುಟವಿತ್ತು. ಇವನಿಗೆ ಅಂಗೈ ಸಾಕಾಯಿತು. ಬಿದಿರಿನ ಪಟ್ಟಿಗೆ ಟ್ರಾನ್ಸ್‌ಡ್ಯೂಸರು ಬಿಗಿದು, ಪಟ್ಟಿಯನ್ನು ಹಗ್ಗದಿಂದ ಹಲಗೆಗೆ ಕಟ್ಟಿದ. ಒಂದು ಮೊಳೆಯೂ ಬೇಕಾಗಲಿಲ್ಲ. ಅಂಥ ಕೈ ನನಗಿದ್ದರೆ ಎಂದು ಖರೇ ಹೊಟ್ಟೆಕಿಚ್ಚಾಯಿತು.

ಆಚೆಗೆ ಹೋಗುವ ಜನ ಆಗಲೇ ದಡದಲ್ಲಿ ನೆರೆದಿದ್ದರು. ಹನುಮಂತಣ್ಣ ಒಬ್ಬರನ್ನೂ ಹತ್ತಿಸಲಿಲ್ಲ. "ಮೊದಲ ನಾವಿಬ್ರ ಹೋಗಿ ಬರೋಣು" ಎಂದು ನನ್ನನ್ನು ಗೂಟದ ಪಕ್ಕಕ್ಕೇ ಕೂರಿಸಿದ. "ಇಲ್ಲೇ ಕುಂದ್ರಿ. ನೀರು ಬಂದ್ರ ಮೊದಲ ನಿಮಗ ಗೊತ್ತಾಗ್ಲಿ."

ಪರದೆಯ ಮೇಲೆ ಅಂಕಿಗಳು ಸ್ಪಷ್ಟವಾಗಿ ಮೂಡಿದವು. ನಡುಹೊಳೆಯಲ್ಲಿ ಇಪ್ಪತ್ತು ಅಡಿ ದಾಟಿತು. ನನ್ನ ಬದುಕಿನ ಅತ್ಯುತ್ತಮ ಕೆಲಸ ಕಣ್ಣೆದುರಿಗಿತ್ತು. ನಾನೋ ಗೂಟದ ಸುತ್ತ ಬೆರಳಾಡಿಸುತ್ತ ಕುಳಿತಿದ್ದೆ. ಹನಿ ನೀರೂ ಬರಲಿಲ್ಲ. ತಿರುಗಿ ಈಚೆ ದಡ ಮುಟ್ಟಿದ ಮೇಲೆ ಹನುಮಂತಣ್ಣ ಜನರತ್ತ ತಿರುಗಿ "ಬರ್ರಿ" ಎಂದ.

ಮೊದಲು ಹತ್ತಿದ ಮುದುಕಿಯ ಕಣ್ಣು ನೇರ ಗೂಟಕ್ಕೇ ಬಿತ್ತು. "ಇದೇನೋ ಹನುಮಂತಾ, ಹೊಸಾ ಗೂಟ?"

"ಮಷಿನ್ ಕಟ್ಟಾಕಂತ ತೂತು ನಾನ ಹೊಡದ್ನಿ ಯವ್ವಾ" ಎಂದ ಅವನು, ರೆಪ್ಪೆ ಕೂಡ ಅಲುಗಿಸದೆ.

ತಡೆಯಲಾಗದೆ, "ಅಲ್ರಿ ಅವ್ವಾರ, ತೂತು ಹೊಡದಾವ ನಾನು" ಎಂದೆ.

"ಗೊತ್ತೈತಿ ಬಿಡಪಾ. ಹನುಮಂತ ಹೊಡದಿದ್ರ ಇಷ್ಟ ಸೊಟ್ಟ ಇರತಿದ್ದಿಲ್ಲ" ಎಂದು ಮುದುಕಿ ಆ ಗೂಟಕ್ಕೇ ಬೆನ್ನು ಕೊಟ್ಟು ನಿಶ್ಚಿಂತೆಯಿಂದ ಕುಳಿತಳು.