ಎರಡನೇ ಗೇರು ಹಿಡಿದವರು

ಕಳೆದ ಭಾನುವಾರ ಹರಿಹರದ ಬಯಲಿನಲ್ಲಿ ನಾನು ಒಂದು ಥರ್ಮಾಸ್ ಫ್ಲಾಸ್ಕ್ ಗೆದ್ದೆ.

ಈ ಸಾಲು ಬರೆದು ಮಸಿ ಆರುವುದರೊಳಗೆ ನನ್ನ ಹೆಂಡತಿ ಗಿರಿಜೆ ಬೆನ್ನ ಹಿಂದೆ ಬಂದು ನಿಂತು ಓದಿದಳು. “ಗೆದ್ದೆ ಅಲ್ರಿ, ಗೆದ್ದೆವು ಅಂತ ಬರೀರಿ” ಅಂದಳು. ಸರಿ, ಗೆದ್ದೆವು. ಮೂರನೇ ಬಹುಮಾನ. (ಎಷ್ಟು ಜನರಲ್ಲಿ ಎಂದು ಮಾತ್ರ ಕೇಳಬೇಡಿ. ಕೇಳಿಯೇಬಿಟ್ಟಿರಾ? ಏಳು.)

ನಾನು ದಾವಣಗೆರೆಯಲ್ಲಿ ಮನೆ ಮಾಡಿಕೊಂಡು ಹರಿಹರದ ಕಾರ್ಖಾನೆಯೊಂದರಲ್ಲಿ ನಕ್ಷೆ ಬರೆಯುವವನು ಎಂಬುದು ಈ ಅಂಕಣ ಓದುವವರಿಗೆ ಗೊತ್ತೇ ಇದೆ. ಒಂಬತ್ತು ಮೈಲಿ ದಾರಿ. ಹೋಗುವುದೂ ಬಸ್ಸಿನಲ್ಲಿ, ಬರುವುದೂ ಬಸ್ಸಿನಲ್ಲಿ. ಬಸ್ಸಿನ ಬಗ್ಗೆ ಹಿಂದೊಮ್ಮೆ ಇಲ್ಲಿ ಬರೆದಾಗ ಅದನ್ನು ಓದಿದ ಕಂಡಕ್ಟರ್ ಮೂರು ದಿನ ನನ್ನನ್ನು ಮೆಟ್ಟಿಲ ಮೇಲೆ ನಿಲ್ಲಿಸಿಕೊಂಡು ಹೋದ. ಆದ್ದರಿಂದ ಆ ವಿಷಯ ಇಷ್ಟಕ್ಕೇ ಸಾಕು.

ಬಸ್ಸಿನ ಕಾಟಕ್ಕೆ ಒಂದು ಕಾರು ಬೇಕು ಎಂದು ಮನೆಯಲ್ಲಿ ಹೇಳಿದ್ದೆ. ಅದು ಅರ್ಧ ಸತ್ಯ.

ಉಳಿದರ್ಧ ಹೀಗಿದೆ. ನಮ್ಮ ಕಾರ್ಖಾನೆಯ ಕ್ಲಬ್ಬಿನವರು ವರ್ಷಕ್ಕೊಮ್ಮೆ ಮೋಟಾರು ಸ್ಪರ್ಧೆ ಇಡುತ್ತಾರೆ. ಬಯಲಿನಲ್ಲಿ ಹನ್ನೆರಡು ಖಾಲಿ ಡ್ರಮ್ಮುಗಳನ್ನು ಸಾಲಾಗಿ ನಿಲ್ಲಿಸುತ್ತಾರೆ. ಒಂದರ ಎಡಕ್ಕೆ, ಇನ್ನೊಂದರ ಬಲಕ್ಕೆ ಕಾರು ಹೊರಳಿಸುತ್ತ ಹೋಗಿ, ಕೊನೆಯದನ್ನು ಸುತ್ತಿ, ಹಾಗೆಯೇ ವಾಪಸು ಬರಬೇಕು. ಡ್ರಮ್ಮಿಗೆ ತಾಗಿದರೆ ಐದು ಸೆಕೆಂಡು ದಂಡ. ಕಾರು ಇಲ್ಲದ ಬಡಪಾಯಿಗಳಿಗೆ ಡ್ರಮ್ಮಿನ ಪಕ್ಕ ಬಾವುಟ ಹಿಡಿದು ನಿಲ್ಲುವ ಕೆಲಸ. ನಾನು ಮೂರು ವರ್ಷ ಬಾವುಟ ಹಿಡಿದೆ. ಮೂರು ವರ್ಷವೂ ಕಂಡವರ ಕಾರಿನ ಧೂಳು ಕುಡಿದೆ. ನಲವತ್ತೆರಡು ವಯಸ್ಸಾಯಿತು, ತಲೆಯ ಮುಂಭಾಗ ಬಯಲಾಯಿತು. ಒಂದು ಸಲವಾದರೂ ನಾನು ಧೂಳೆಬ್ಬಿಸಬೇಡವೇ?

ಇದನ್ನು ಹೆಂಡತಿಗೆ ಹೇಳುವುದು ಹೇಗೆ? ಹೇಳಲಿಲ್ಲ. ಬಸ್ಸು, ಬಸ್ಸು ಎಂದೆ.

ಹೊಸ ಕಾರಿಗೆ ಈಗ ಹೆಸರು ಬರೆಸಿದರೆ ನಿವೃತ್ತಿಯಾದ ಮೇಲೆ ಕೈಗೆ ಬರುತ್ತದೆ. ಆದ್ದರಿಂದ ಹಳೆಯದೇ ಆಗಬೇಕು, ಕಿಸೆಗೆ ಎಟುಕಬೇಕು. ಸೋಮವಾರದಿಂದ ಶನಿವಾರದವರೆಗೆ ಹಸುವಿನಂತೆ ಸಾಧುವಾಗಿರಬೇಕು, ಭಾನುವಾರ ಕುದುರೆಯಾಗಬೇಕು, ಮೇವು ಮಾತ್ರ ಮೇಕೆಯಷ್ಟೇ ತಿನ್ನಬೇಕು. ಗೇರಿನ ಕೋಲು ಸ್ಟೇರಿಂಗಿಗೆ ಅಂಟಿಕೊಂಡಿರಕೂಡದು, ನೆಲದಿಂದ ಎದ್ದು ನಿಂತಿರಬೇಕು. ಡ್ರಮ್ಮುಗಳ ಕಡೆ ನುಗ್ಗುತ್ತ ಗೇರು ಬದಲಿಸುವಾಗ ಕೈಗೆ ಠಣ್ಣನೆ ಸಿಗಬೇಕಲ್ಲ! ಇಷ್ಟೆಲ್ಲ ಗುಣವಿರುವ ಗಂಡನ್ನೇ ಯಾರೂ ಹುಡುಕಲಾರರು. ನಾನು ಕಾರು ಹುಡುಕಲು ಹೊರಟೆ.

ಜೊತೆಗೆ ನಮ್ಮ ಮೆಕ್ಯಾನಿಕ್ ಗೌಸ್ ಸಾಬರು. ಅವರು ಸ್ಕ್ರೂಡ್ರೈವರಿನ ಒಂದು ತುದಿಯನ್ನು ಎಂಜಿನ್ನಿಗೂ ಇನ್ನೊಂದನ್ನು ಕಿವಿಗೂ ಇಟ್ಟುಕೊಂಡು, ಕಣ್ಣು ಮುಚ್ಚಿ ಕೇಳುತ್ತಾರೆ. ಆಮೇಲೆ ಒಂದೇ ಮಾತು ಹೇಳುತ್ತಾರೆ.

ಮೊದಲು ಮಾಯಕೊಂಡದ ಗೌಡರೊಬ್ಬರ ಕಾರು ನೋಡಿದೆವು. ಹಿಂದಿನ ಸೀಟಿನಲ್ಲಿ ಕೋಳಿ ಕಾವಿಗೆ ಕೂತಿತ್ತು. “ಮರಿ ಹೊರಗೆ ಬರೋತನ ತಡೀರಿ, ಆಮೇಲೆ ಗಾಡಿ ಚಾಲೂ ಮಾಡೋಣ” ಎಂದರು ಗೌಡರು. ಗೌಸ್ ಸಾಬರು ಸ್ಕ್ರೂಡ್ರೈವರನ್ನು ಕಿಸೆಯಿಂದ ತೆಗೆಯಲೇ ಇಲ್ಲ.

ಆಮೇಲೆ ನಮ್ಮೂರಿನ ಡಾಕ್ಟರೊಬ್ಬರ ದೊಡ್ಡ ಕಾರು. ಒಳಗೆ ಸೋಫಾ, ಕಿಟಕಿಗೆ ಪರದೆ. ಗಿರಿಜೆಗೆ ಬಹಳ ಹಿಡಿಸಿತು. ಗೌಸ್ ಸಾಬರು ನನ್ನನ್ನು ಪಕ್ಕಕ್ಕೆ ಕರೆದು, “ಸಾಹೇಬ್ರ, ಇದು ಮದುವಿ ಮೆರವಣಿಗಿಗೆ ಬರೋಬ್ಬರಿ ಐತೆ. ಡ್ರಮ್ಮಿಗೆ ಬ್ಯಾಡ” ಎಂದರು. ಸ್ಪರ್ಧೆಯ ಗುಟ್ಟು ಗೊತ್ತಿದ್ದುದು ಅವರೊಬ್ಬರಿಗೇ. (ಹಾಗೆಂದು ನಾನು ತಿಳಿದಿದ್ದೆ.)

ಮೂರನೆಯದು ಹರಿಹರದಲ್ಲಿ, ನಿವೃತ್ತ ಓವರ್‌ಸಿಯರ್ ಈರಪ್ಪನವರದು. ಪುಟ್ಟ ಕಾರು, ಎರಡು ಬಾಗಿಲು, ಹಸಿರು ಬಣ್ಣ, ಗೇರು ನೆಲದಲ್ಲಿ. ಹೊರಗಿನಿಂದ ನೋಡಿಯೇ ನನ್ನ ಎದೆ ಡವಗುಟ್ಟಿತು. ಆದರೆ ಅವತ್ತು ಗೌಸ್ ಸಾಬರಿಗೆ ನೆಂಟರ ಮದುವೆ. “ನಾ ಬಂದು ಕೇಳೋತನ ಹೂಂ ಅನಬ್ಯಾಡ್ರಿ ಮತ್ತೆ” ಎಂದು ಎರಡು ಸಲ ಹೇಳಿ ಕಳಿಸಿದ್ದರು. ನಾನೂ ಗಿರಿಜೆಯೂ ಹೋದೆವು. ಕೇಳಬೇಕಾದ ಹನ್ನೊಂದು ಪ್ರಶ್ನೆಗಳ ಪಟ್ಟಿ ನನ್ನ ಕಿಸೆಯಲ್ಲಿತ್ತು.

“ಬರ್ರಿ, ಬರ್ರಿ, ಕೂಡ್ರಿ. ಮೊದಲು ಊಟ, ಆಮೇಲೆ ಗಾಡಿ” ಎಂದರು ಈರಪ್ಪನವರು.

ನಮ್ಮ ಕಡೆ ಇದಕ್ಕೆ ಯಾರಾದರೂ ಇಲ್ಲ ಅನ್ನಲು ಬರುತ್ತದೆಯೇ? ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ, ಕೊನೆಗೆ ಹೋಳಿಗೆ, ಮೇಲೆ ತುಪ್ಪ. ಎರಡನೇ ಹೋಳಿಗೆಗೆ ನನ್ನ ಪಟ್ಟಿಯಲ್ಲಿ ಐದು ಪ್ರಶ್ನೆ ಕರಗಿದವು. ಅನ್ನ ಹಾಕಿದ ಮನುಷ್ಯನನ್ನು ‘ನಿಮ್ಮ ಕಾರು ಎಣ್ಣೆ ಕುಡಿಯುತ್ತದೆಯೇ’ ಎಂದು ಕೇಳುವುದು ಹೇಗೆ?

ಊಟವಾದ ಮೇಲೆ ಒಂದು ಸುತ್ತು. ಈರಪ್ಪನವರು ಓಡಿಸಿದರು, ಅವರ ಹೆಂಡತಿ ನೀಲಮ್ಮನವರು ಪಕ್ಕದಲ್ಲಿ, ನಾವು ಹಿಂದೆ. ಸೇತುವೆಯ ಕಡೆ ಹೋಗಿ ಬಂದೆವು. ಮೊದಲನೇ ಗೇರು, ಎರಡನೇ ಗೇರು, ಮೂರನೆಯದು, ಎಲ್ಲವೂ ಬೆಣ್ಣೆ. ನಡುನಡುವೆ ನೀಲಮ್ಮನವರ ಕೈ ಸೆರಗಿನ ಸಮೇತ ಗಂಡನ ಕೈಯ ಹತ್ತಿರ ಹೋಗಿ ಕೂರುವುದನ್ನು ಕಂಡೆ. ಈ ವಯಸ್ಸಿನಲ್ಲೂ ಎಂಥ ಅನ್ಯೋನ್ಯ ದಾಂಪತ್ಯ ಎಂದುಕೊಂಡೆ. ಗಿರಿಜೆಗೆ ಕಣ್ಣಲ್ಲೇ ತೋರಿಸಿದೆ ಕೂಡ.

ವಾಪಸು ಬಂದಾಗ, “ನಾನೂ ಒಂದು ರೌಂಡ್ ಓಡಿಸಿ ನೋಡ್ಲಾ?” ಎಂದೆ.

“ಅಯ್ಯೋ, ನಿಮ್ದೇ ಗಾಡಿ, ಓಡಿಸ್ರಿ. ಅದಕ್ಕೂ ಮೊದ್ಲು ತಂಗಿಗೆ ಉಡಿ ತುಂಬಿಬಿಡ್ಲಿ, ಆಮೇಲೆ ರಾಹುಕಾಲ ಬರ್ತೈತೆ” ಎಂದರು ಅವರು.

ಗಿರಿಜೆ ಒಳಗೆ ಹೋದಳು. ಬಂದಾಗ ಉಡಿಯಲ್ಲಿ ಅಕ್ಕಿ, ಕೊಬ್ಬರಿ, ಕುಬಸದ ಕಣ. ಹಣೆಯಲ್ಲಿ ದೊಡ್ಡ ಕುಂಕುಮ. ಅಲ್ಲಿಗೆ ನನ್ನ ಕಥೆ ಮುಗಿಯಿತು. ಉಡಿ ತುಂಬಿದ ಮನೆ ಎಂದರೆ ಹೆಣ್ಣುಮಗಳಿಗೆ ಇನ್ನೊಂದು ತವರು. ತವರಿನವರು ಕೊಡುವುದನ್ನು ತಿರುಗಿಸಿ ಮುರುಗಿಸಿ ನೋಡುವ ಅಳಿಯ ಯಾರಿದ್ದಾನೆ? ನಾನು ಹೂಂ ಅಂದೆ. ಪಟ್ಟಿ ಕಿಸೆಯಲ್ಲೇ ಉಳಿಯಿತು. ಈರಪ್ಪನವರು ಮುಂದಿನ ಸೀಟಿನಲ್ಲಿ ಸ್ಟೆಪ್ನಿ, ಜಾಕು, ಸ್ಪ್ಯಾನರುಗಳನ್ನು ತುಂಬಿಕೊಟ್ಟರು. ಗಿರಿಜೆ ಹಿಂದೆ ಕೂತಳು. ಹೊರಟೆವು.

ನೇರ ರಸ್ತೆ. ಕಾರು ಹಕ್ಕಿಯಂತೆ ಓಡಿತು. ದಾವಣಗೆರೆ ಇನ್ನೇನು ಎರಡು ಮೈಲಿ ಎನ್ನುವಾಗ ಎದುರಿಗೆ ಎತ್ತಿನ ಗಾಡಿಗಳ ಸಾಲು. ನಿಧಾನ ಮಾಡಿ ಎರಡನೇ ಗೇರಿಗೆ ಇಳಿಸಿದೆ. ಟಕ್! ಗೇರು ತಾನಾಗಿ ಹೊರಗೆ ಹಾರಿತು. ಮತ್ತೆ ಹಾಕಿದೆ. ಟಕ್! ಮತ್ತೆ ಹಾಕಿ, ಎಡಗೈಯಲ್ಲಿ ಗಟ್ಟಿಯಾಗಿ ಹಿಂದಕ್ಕೆಳೆದು ಹಿಡಿದೆ. ಸುಮ್ಮನಾಯಿತು. ಕೈ ಬಿಟ್ಟೆ. ಟಕ್!

ನೀಲಮ್ಮನವರ ಕೈ ಅಲ್ಲಿಗೆ ಯಾಕೆ ಹೋಗುತ್ತಿತ್ತು ಎಂದು ಆಗ ಹೊಳೆಯಿತು. ಅನ್ಯೋನ್ಯ ದಾಂಪತ್ಯವಂತೆ, ನನ್ನ ತಲೆ!

ಗೌಸ್ ಸಾಬರು ಮಾರನೇ ದಿನ ಗೇರ್‌ಬಾಕ್ಸ್ ಬಿಚ್ಚಿ ನೋಡಿ, “ಹಲ್ಲು ಸವೆದಾವೆ. ಸಾಮಾನು ಬೊಂಬಾಯಿಂದ ಬರಬೇಕು. ನಾ ಹೇಳಿದ್ದೆ” ಎಂದರು. ಕೊನೆಯ ಮಾತನ್ನು ಅವರು ಆಮೇಲೂ ನಾಲ್ಕಾರು ಸಲ ಹೇಳಿದರು.

ನಾನು ಕುದಿಯುತ್ತಿದ್ದೆ. “ಈಗಲೇ ಹೋಗಿ ಆ ಮನುಷ್ಯನನ್ನು ಕೇಳ್ತೀನಿ” ಎಂದು ಚಪ್ಪಲಿ ಮೆಟ್ಟಿದೆ.

ಗಿರಿಜೆ ಬಾಗಿಲಿಗೆ ಅಡ್ಡ ನಿಂತಳು. “ಉಡಿ ತುಂಬಿದ ಮನಿ ಸಾಮಾನಿಗೆ ಹೆಸರಿಡ್ತಾರೇನ್ರಿ? ಬ್ಯಾಡ. ಓಡ್ತೈತಲ್ಲ, ಓಡಿಸ್ರಿ.”

ಓಡಿಸಿದೆ. ನಾಲ್ಕು ತಿಂಗಳು ಒಂದೇ ಕೈಯಲ್ಲಿ ಸ್ಟೇರಿಂಗ್, ಇನ್ನೊಂದರಲ್ಲಿ ಎರಡನೇ ಗೇರು. (ಹಾರ್ನು? ಮೊಣಕೈಯಲ್ಲಿ.) ಪಕ್ಕದ ಸೀಟಿನಲ್ಲಿ ನಮ್ಮ ಆಫೀಸಿನ ವಾಸಪ್ಪ. ಊರು ದಾಟುವಾಗ ಮಾತ್ರ ಎರಡನೇ ಗೇರು ಬೇಕಾದ್ದರಿಂದ ಹೇಗೋ ನಡೆಯಿತು. ಆದರೆ ಡ್ರಮ್ಮುಗಳ ನಡುವೆ? ಅಲ್ಲಿ ಹೋಗಿ ಬರುವ ತನಕ ಬೇರೆ ಗೇರೇ ಇಲ್ಲ, ಸ್ಟೇರಿಂಗಿಗೆ ಎರಡೂ ಕೈ ಬೇಕು. ಸ್ಪರ್ಧೆ ಹತ್ತಿರ ಬಂತು, ಬೊಂಬಾಯಿಯ ಸಾಮಾನು ಬರಲಿಲ್ಲ. ನಾಲ್ಕನೇ ವರ್ಷವೂ ಬಾವುಟವೇ ಗತಿಯೇ? 

ಕಾರಿನಲ್ಲಿ ಒಬ್ಬ ಸಹಾಯಕ ಇರಬಹುದು ಎಂದು ಸ್ಪರ್ಧೆಯ ನಿಯಮದಲ್ಲಿತ್ತು. ವಾಸಪ್ಪನಿಗೆ ಗೇರು ಹಿಡಿಸಿ ಬಯಲಿನಲ್ಲಿ ಒಂದು ಸುತ್ತು ಹಾಕಿದೆ. ಮೊದಲ ತಿರುವಿನಲ್ಲೇ ಅವನು ಗೇರು ಬಿಟ್ಟು ಬಾಗಿಲು ಹಿಡಿದ. ಎರಡನೇ ತಿರುವಿನಲ್ಲಿ ನನ್ನನ್ನೇ ಹಿಡಿದ.

ಅಂದು ಮನೆಗೆ ಬಂದು ಪೆಚ್ಚು ಮುಖ ಹಾಕಿಕೊಂಡು ಕೂತೆ. ಗಿರಿಜೆ ಮೆಣಸಿನಕಾಯಿ ತೊಟ್ಟು ಬಿಡಿಸುತ್ತಿದ್ದವಳು ತಲೆ ಎತ್ತದೆ ಹೇಳಿದಳು: “ಡ್ರಮ್ ರೇಸಿಗೆ ನಾ ಬರ್ತೀನಿ.”

ರೇಸಿನ ವಿಷಯ ನಾನು ಅವಳಿಗೆ ಹೇಳಿರಲೇ ಇಲ್ಲ ಎಂಬುದನ್ನು ದಯವಿಟ್ಟು ಗಮನಿಸಿ.

ಭಾನುವಾರ ಬೆಳಿಗ್ಗೆ ಕ್ಲಬ್ಬಿನ ಸೆಕ್ರೆಟರಿ ಅವಳನ್ನು ನೋಡಿ ತಲೆ ಕೆರೆದುಕೊಂಡರು. “ಈ ಬಿಸಿಲಾಗ, ಧೂಳಾಗ ನೀವು ಯಾಕ ತಾಯಿ...”

“ಹೆಂಗಸ್ರು ಕೂಡಬಾರದು ಅಂತ ಬರದೈತೇನ್ರಿ?”

“ಬರದಿಲ್ಲ.”

“ಮತ್ತೆ?”

ಮತ್ತೇನೂ ಇರಲಿಲ್ಲ. ಗಿರಿಜೆ ಸೆರಗು ಸೊಂಟಕ್ಕೆ ಬಿಗಿದು ಕೂತಳು. ಬಿಳಿ ಬಾವುಟ ಇಳಿಯಿತು. ನಾನು ಎರಡನೇ ಗೇರಿಗೆ ಹಾಕಿದೆ, ಅವಳು ಎರಡೂ ಕೈಯಲ್ಲಿ ಅದನ್ನು ಅಮುಕಿ ಹಿಡಿದಳು. ಆಮೇಲೆ ಅದು ಹಾರಿದ್ದರೆ ಕೇಳಿ! ಬಲಕ್ಕೆ ಹೊರಳಿದಾಗ ಅವಳ ಭುಜ ಬಾಗಿಲಿಗೆ ಬಡಿಯಿತು, ಎಡಕ್ಕೆ ಹೊರಳಿದಾಗ ತಲೆ ನನ್ನ ತೋಳಿಗೆ ಬಡಿಯಿತು. ಕೈ ಸಡಿಲಲಿಲ್ಲ. “ಎಡಕ್ಕ! ಬಲಕ್ಕ! ಇನ್ನಾ ಜೋರು!” ಎಂದು ಕೂಗುತ್ತಿದ್ದಳು. ನಗುತ್ತಿದ್ದಳು ಕೂಡ. ಅವಳು ಹಾಗೆ ಬಾಯಿ ತುಂಬ ನಕ್ಕದ್ದನ್ನು ನಾನು ಕೇಳಿ ಎಷ್ಟು ವರ್ಷವಾಗಿತ್ತೋ! ವಾಪಸು ಬರುವಾಗ ಒಂದು ಡ್ರಮ್ಮಿಗೆ ತಾಗಿತು. ಐದು ಸೆಕೆಂಡು ಹೋಯಿತು, ಎರಡನೇ ಬಹುಮಾನವೂ ಹೋಯಿತು. (ತಪ್ಪು ಯಾರದು ಎಂದು ಬರೆಯುವಂತಿಲ್ಲ. ಆಕೆ ಇನ್ನೂ ಬೆನ್ನ ಹಿಂದೆಯೇ ನಿಂತಿದ್ದಾಳೆ.)

ಇಳಿದಾಗ ಇಬ್ಬರೂ ಸುಣ್ಣದ ಗೂಡಿನಿಂದ ಎದ್ದು ಬಂದವರ ಹಾಗಿದ್ದೆವು. ಬಹುಮಾನ ಕೊಟ್ಟಾದ ಮೇಲೆ ಜನರ ನಡುವಿನಿಂದ ಈರಪ್ಪನವರೂ ನೀಲಮ್ಮನವರೂ ಓಡಿ ಬಂದರು. ನೀಲಮ್ಮನವರು ಗಿರಿಜೆಯ ಎರಡೂ ಕೈ ಹಿಡಿದು ಹೇಳಿದರು:

“ನಾ ಹೇಳಿಕೊಟ್ಟಂಗೇ ಹಿಡದಿ ನೋಡು ತಂಗಿ! ಬಲಗೈ ಮ್ಯಾಲೆ, ಎಡಗೈ ಕೆಳಗೆ!”

“ಯಾವಾಗ ಹೇಳಿಕೊಟ್ರಿ?” ಎಂದೆ ನಾನು.

“ಉಡಿ ತುಂಬೋವಾಗ. ಮುಚ್ಚಿಟ್ಟು ಮಾರಬಾರದಲ್ರಿ? ನಾನೂ ಆರು ವರ್ಷ ಹಿಂಗೇ ಹಿಡ್ಕೊಂಡು ಕೂತಾಕಿ.”

ಈರಪ್ಪನವರು ಆಕಾಶ ನೋಡಿದರು. ನಾನು ಗಿರಿಜೆಯನ್ನು ನೋಡಿದೆ. ಗಿರಿಜೆ ಥರ್ಮಾಸ್ ಫ್ಲಾಸ್ಕಿನ ಮುಚ್ಚಳ ತಿರುಗಿಸುತ್ತಿದ್ದಳು.

ಮನೆಗೆ ಬರುವ ದಾರಿಯಲ್ಲಿ ಕೇಳಿಯೇಬಿಟ್ಟೆ. “ಗೇರು ಹಾರುತ್ತೆ ಅಂತ ಗೊತ್ತಿತ್ತು. ರೇಸಿನ ಆಸೆಯೂ ಗೊತ್ತಿತ್ತು. ಯಾಕೆ ಹೇಳಲಿಲ್ಲ?”

“ರೇಸಿಂದು ಗೌಸ್ ಭಾಯಿ ಹೇಳಿದ್ರು. ಗೇರಿಂದು ನಾ ಹೇಳಿದ್ರೆ ಈ ಕಾರು ತಗೊಂತಿದ್ರಾ?”

“ಇಲ್ಲ.”

“ಗೇರು ನೆಟ್ಟಗಿರೋ ಕಾರು ತಗೊಂಡಿದ್ರೆ, ಇವತ್ತು ನನ್ನ ಮುಂದೆ ಕೂಡಿಸ್ಕೊಂತಿದ್ರಾ?”

ಬಸ್ಸಿನ ಕಾಟ ಎಂದು ಅವಳಿಗೆ ಸುಳ್ಳು ಹೇಳಿ ಹೊರಟವನು ನಾನು. ಮದುವೆಯಾಗಿ ಹದಿನಾಲ್ಕು ವರ್ಷವಾಯಿತು; ನನ್ನ ಖುಷಿಯ ಜಾಗಕ್ಕೆ ಅವಳನ್ನು ಒಂದು ಸಲವೂ ಕರೆದುಕೊಂಡು ಹೋಗಿರಲಿಲ್ಲ. ಅವಳಿಗೂ ಧೂಳೆಬ್ಬಿಸುವ ಆಸೆ ಇರಬಹುದೆಂದು ಹೊಳೆದಿರಲೇ ಇಲ್ಲ. ನಾಚಿಕೆಯಾಯಿತು. ಎದುರಿಗೆ ಒಂದು ಗಾಡಿ ಬಂತು, ನಾನು ನಿಧಾನ ಮಾಡಿದೆ. ಕೇಳುವ ಮೊದಲೇ ಅವಳ ಕೈ ಗೇರಿನ ಮೇಲಿತ್ತು.

ಈಗ ಪಕ್ಕದ ಸೀಟಿನಲ್ಲಿ ಸೋಮವಾರದಿಂದ ಶನಿವಾರದವರೆಗೆ ವಾಸಪ್ಪ, ಭಾನುವಾರ ಗಿರಿಜೆ. ಮುಂದಿನ ವರ್ಷ ಎರಡನೇ ಬಹುಮಾನಕ್ಕೆ ಕಡಿಮೆಯಾದರೆ ಮನೆಗೆ ನಡೆದುಕೊಂಡು ಬರಬೇಕಾಗುತ್ತದೆ ಎಂದು ನನಗೆ ಎಚ್ಚರಿಕೆ ಬಂದಿದೆ.

ನಿನ್ನೆ ಗೌಸ್ ಸಾಬರು ಸೈಕಲ್ಲಿನಲ್ಲಿ ಬಂದರು. ಕೈಯಲ್ಲಿ ಎಣ್ಣೆ ಕಾಗದದ ಪೊಟ್ಟಣ. ಬಿಚ್ಚಿದರು. ಬೊಂಬಾಯಿಯ ಹೊಚ್ಚಹೊಸ ಗೇರು ಚಕ್ರ, ಒಂದೊಂದು ಹಲ್ಲೂ ಫಳಫಳ. “ನಾಳೆ ಗಾಡಿ ಬಿಡ್ರಿ ಸಾಹೇಬ್ರ, ಇನ್ನ ಗೇರು ಯಾರೂ ಹಿಡಿಯೋದು ಬ್ಯಾಡ, ಆರಾಮ ಓಡಿಸಬೌದು” ಎಂದರು.

ಗಿರಿಜೆ ಚಹಾದ ಲೋಟ ಕೆಳಗಿಟ್ಟು, ಚಕ್ರವನ್ನು ಎತ್ತಿ ಬೆಳಕಿಗೆ ಹಿಡಿದು, ತಿರುಗಿಸಿ ತಿರುಗಿಸಿ ನೋಡಿದಳು. “ಗೌಸ್ ಭಾಯಿ, ಈ ಸಾಮಾನು ಯಾಕೋ ಸರಿ ಇಲ್ಲ ಅನ್ನಿಸ್ತೈತೆ. ವಾಪಸ್ ಕಳಿಸ್ರಿ.”

ಗೌಸ್ ಸಾಬರು ಕಕ್ಕಾಬಿಕ್ಕಿಯಾಗಿ ನನ್ನ ಮುಖ ನೋಡಿದರು.

ನಾನೂ ಕನ್ನಡಕ ಹಾಕಿಕೊಂಡು ನೋಡಿದೆ. ಹೌದು, ಸಾಮಾನು ಸರಿ ಇರಲಿಲ್ಲ.