ಎಡಗಡೆಯಿಂದ ಬಂದ ಕೂಗು

ದೆವ್ವ, ಶಕುನ, ಅಶರೀರವಾಣಿ ಇವನ್ನೆಲ್ಲ ನಾನು ನಂಬಿದವನಲ್ಲ. ಗುಬ್ಬಿಯ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುವವನು ನಾನು. ಸ್ಟಾಫ್ ರೂಮಿನಲ್ಲಿ ಯಾರಾದರೂ ಅಂಥ ಕತೆ ಶುರುಮಾಡಿದರೆ ನಡುವೆ ಬಾಯಿ ಹಾಕಿ ಅದರ ಮಜಾ ಕೆಡಿಸುತ್ತಿದ್ದೆ. ಈಗ ನಾನೇ ಒಂದು ಹೇಳಬೇಕಾಗಿದೆ. ನೀವು ನಂಬಲೇಬೇಕೆಂಬ ಹಟವೇನಿಲ್ಲ, ನನಗೇ ಪೂರ್ತಿ ನಂಬಿಕೆಯಿಲ್ಲ.

ಮೊದಲು ನನ್ನ ಕಿವಿಯ ವಿಷಯ ಹೇಳಿಬಿಡುತ್ತೇನೆ. ಚಿಕ್ಕಂದಿನಲ್ಲಿ ಮಂಗನಬಾವು ಬಂದು ಎಡಗಿವಿ ಪೂರ್ತಿ ಹೋಯಿತು. ಬಲಗಿವಿ ಚೆನ್ನಾಗಿದೆ. ಒಂದು ಸಾಲದೇ ಎನ್ನುತ್ತೀರಿ. ಮಾತು ಕೇಳುವುದಕ್ಕೆ ಸಾಕು, ಅದು ಯಾವ ದಿಕ್ಕಿನಿಂದ ಬಂತೆಂದು ತಿಳಿಯಲು ಸಾಲದು. ಎಡಗಡೆ ಯಾರಾದರೂ ಕೂಗಿದರೆ ಆ ಸದ್ದು ಎಡಗಿವಿಗೆ ಕೂದಲೆಳೆಯಷ್ಟು ಮೊದಲು, ಸ್ವಲ್ಪ ಜೋರಾಗಿ ತಲುಪುತ್ತದೆ. ಮಿದುಳಿನ ಬುಡದಲ್ಲಿ ಮಿದುಳುಕಾಂಡವೆಂಬ ಭಾಗವಿದೆ. ಎರಡೂ ಕಿವಿಗಳ ಸುದ್ದಿ ಅಲ್ಲಿ ಕೂಡುತ್ತದೆ. ಯಾವುದು ಮೊದಲು ಬಂತು, ಯಾವುದು ಜೋರು ಎಂದು ತಾಳೆ ನೋಡಿ ಅದು ದಿಕ್ಕು ಹೇಳುತ್ತದೆ. ನನ್ನಲ್ಲಿ ತಾಳೆ ನೋಡಲು ಇನ್ನೊಂದು ಸುದ್ದಿಯೇ ಇಲ್ಲ. ಹಾಗಾಗಿ ಲೋಕದ ಸದ್ದೆಲ್ಲ ನನಗೆ ಬಲಗಡೆಯದೇ. ತುಮಕೂರು ಬಸ್ ಸ್ಟ್ಯಾಂಡಿನಲ್ಲಿ ಯಾರಾದರೂ ಹೆಸರು ಹಿಡಿದು ಕರೆದರೆ ಬುಗುರಿಯ ಹಾಗೆ ಸುತ್ತುತ್ತೇನೆ. ಜನ ನಗುತ್ತಾರೆ, ನಾನೂ ನಗುತ್ತೇನೆ.

ಕೆಲವು ವರ್ಷಗಳ ಹಿಂದೆ ಒಂದು ಭಾನುವಾರ ಅಕ್ಕ, ಬಾವ, ನಾನು ಕುಣಿಗಲ್‌ನಲ್ಲಿ ನೆಂಟರ ಗೃಹಪ್ರವೇಶಕ್ಕೆ ಹೋಗಿದ್ದೆವು. ಡ್ಯಾಮ್ ತುಂಬಿದೆಯಂತೆ, ನೋಡಿಕೊಂಡು ಹೋಗೋಣ ಎಂದು ಮಾರ್ಕೋನಹಳ್ಳಿಗೆ ಕಾರು ತಿರುಗಿಸಿದೆವು. ತಲುಪುವಾಗ ಹೊತ್ತು ಮುಳುಗುತ್ತಿತ್ತು. ಏರಿಯ ಮೇಲೆ ನಡೆಯುತ್ತಿದ್ದಾಗ ಅಕ್ಕನಿಗೆ ತುಂಬೆ ಹೂ ಕಂಡಿತು. ಸೋಮವಾರದ ಪೂಜೆಗೆ ತುಂಬೆ ಸಿಕ್ಕರೆ ಅವಳಿಗೆ ಬೇರೇನೂ ಬೇಡ. "ನಾಳೆ ಶಿವನಿಗೆ ಆಯ್ತದೆ ಕಣೋ. ನೀವು ನಡೀರಿ, ಬಂದೆ" ಎಂದಳು. ನಾವು ಮಾತಾಡುತ್ತ ಮುಂದೆ ಹೋದೆವು. ಹಿಂದಿರುಗಿ ಬಂದರೆ ಅವಳಿಲ್ಲ. ಫೋನು ಕಾರಿನಲ್ಲೇ ಬಿಟ್ಟಿದ್ದಳು. ಏರಿಯ ಯಾವ ಮಗ್ಗುಲಿಗೆ ಇಳಿದಳೆಂದು ಇಬ್ಬರೂ ಗಮನಿಸಿರಲಿಲ್ಲ. ಕಾರಿನ ಹತ್ತಿರ ಇದ್ದಾಳೇನೋ ನೋಡುತ್ತೇನೆಂದು ಬಾವ ಹೋದರು.

ನಾನೊಬ್ಬನೇ ನಿಂತಿದ್ದೆ. ಬಲಕ್ಕೆ ನೀರು, ಎಡಕ್ಕೆ ಕಲ್ಲು ಪೊದೆಗಳ ಇಳಿಜಾರು. ಆಗ "ಲೋ ತಮ್ಮಾ" ಎಂದು ಅಕ್ಕನ ಕೂಗು ಕೇಳಿಸಿತು. ಎಡಗಡೆಯಿಂದ. ಹೇಗೆ ಹೇಳಲಿ ನಿಮಗೆ? ಎಡಗಡೆಯ ಸದ್ದು ಹೇಗಿರುತ್ತದೆಂಬುದೇ ನನಗೆ ಮರೆತುಹೋಗಿತ್ತು. ಆವತ್ತು ಅದು ಆ ಪೊದೆಗಳಿಂದಲೇ ಬಂತೆಂದು ಬೆರಳಿಟ್ಟು ತೋರಿಸುವಷ್ಟು ಗೊತ್ತಾಯಿತು. ನಾನು ಯೋಚಿಸುವ ಮೊದಲೇ ಮೈ ಆ ಕಡೆ ತಿರುಗಿತ್ತು.

ಕಣ್ಣಿಗೆ ಕತ್ತಲು, ಪೊದೆ ಬಿಟ್ಟರೆ ಏನೂ ಕಾಣಲಿಲ್ಲ. ಆಮೇಲೆ ನನ್ನೊಳಗಿನ ಮೇಷ್ಟರು ಎಚ್ಚರಾದರು. ಎಡಗಡೆಯಿಂದ ನಿನಗೆಂಥ ಸದ್ದು ಬರುತ್ತದಯ್ಯ? ಇಷ್ಟು ಸ್ಪಷ್ಟವಾಗಿ ಕೇಳಿದ್ದರೆ ಅದು ಬಲಗಿವಿಗೇ ನೇರ ಬಿದ್ದಿರಬೇಕು, ಅಂದರೆ ನೀರಿನ ಕಡೆಯಿಂದ. ನೀರು ಎಂದುಕೊಂಡದ್ದೇ ಅಕ್ಕ ಮುಳುಗುತ್ತಿದ್ದಾಳೆ ಅನ್ನಿಸಿತು. ಅಕ್ಕನ ಕೂಗು ಕೇಳಿಸಿತೆಂದು ಬಾವನಿಗೆ ಕೂಗಿ ಹೇಳುತ್ತ ಬಲಕ್ಕೆ ಇಳಿದು ಓಡಿದೆ.

ಬಾವ ಏದುಸಿರು ಬಿಡುತ್ತ ಬಂದರು. "ಯಾವ್ ಕಡೆ ಕೇಳಿಸ್ತಪ್ಪ?"

"ನೀರಿನ್ ಕಡೆ ಬಾವ" ಎಂದೆ.

ಪಾಪ, ನನ್ನ ಮಾತು ನಂಬಿ ಅವರು ಆ ನೀರನ್ನು ನೋಡಿ ಕೂಗಿದ್ದೇ ಕೂಗಿದ್ದು. ಊರಿನವರು ಟಾರ್ಚು ಹಿಡಿದು ಬಂದು ಎರಡೂ ಕಡೆ ಹುಡುಕಿದಾಗ ಅಕ್ಕ ಎಡಗಡೆಯ ಪೊದೆಗಳಲ್ಲಿ ಪ್ರಜ್ಞೆಯಿಲ್ಲದೆ ಬಿದ್ದಿದ್ದಳು. ಜಾರಿದ ಕಲ್ಲಿನ ಕೆಳಗೆ ಕಾಲು ಸಿಕ್ಕಿತ್ತು. ತುಮಕೂರಿನ ಆಸ್ಪತ್ರೆಗೆ ತಂದೆವು. ಕಾಲಿಗೆ ರಕ್ತ ಓಡಾಟ ನಿಂತು ತುಂಬ ಹೊತ್ತಾಗಿದೆ, ಬೇಗ ತಂದಿದ್ದರೆ ಉಳಿಯುತ್ತಿತ್ತೇನೋ ಎಂದರು ಡಾಕ್ಟರು. ಮೊಣಕಾಲಿನ ಕೆಳಗೆ ತೆಗೆದರು.

ಅವಳು ವಾರ್ಡಿನಲ್ಲಿದ್ದಾಗಲೇ ನಾನು ಅಲ್ಲಿಯ ಕಿವಿ ವಿಭಾಗಕ್ಕೆ ಹೋದೆ. ಹಣೆಗೂ ಕಿವಿಯ ಹಿಂದೆಯೂ ವೈರು ಅಂಟಿಸಿ, ಕಿವಿಯೊಳಗೆ ಟಕಟಕ ಸದ್ದು ಬಿಟ್ಟು, ಅದು ಮಿದುಳುಕಾಂಡಕ್ಕೆ ಮುಟ್ಟುತ್ತದೋ ಇಲ್ಲವೋ ನೋಡುವ ಪರೀಕ್ಷೆಯಿದೆ. ಬಲಗಿವಿಗೆ ಗೆರೆ ಏಳುತ್ತ ಇಳಿಯುತ್ತ ಬಂತು. ಎಡಗಿವಿಗೆ ಏನೂ ಇಲ್ಲ. "ಈ ಕಡೆಯಿಂದ ಏನೂ ಹೋಗ್ತಾ ಇಲ್ಲ ಸರ್" ಎಂದಳು ಪರೀಕ್ಷೆ ಮಾಡಿದ ಹುಡುಗಿ. ಸುಮ್ಮನೆ ಆಕಸ್ಮಿಕವಾಗಿ ಆ ಕಡೆ ತಿರುಗಿದೆನೇ? ಹಾಗೇ ಅಂದುಕೊಳ್ಳಲು ಎಷ್ಟೋ ಸಲ ಪ್ರಯತ್ನಿಸಿದ್ದೇನೆ, ಮನಸ್ಸು ಒಪ್ಪುವುದಿಲ್ಲ.

ಅವತ್ತೇ ಅಕ್ಕನ ಪಕ್ಕ ಹೋಗಿ ಕುಳಿತೆ. ಅವಳು ಮೆಲ್ಲಗೆ ಹೇಳಿದಳು: "ಏರಿ ಮೇಲೆ ನೀನು ನಿಂತಿದ್ದು ಕಾಣ್ತಿತ್ತು ಕಣೋ. ಕೂಗಿದ್ ತಕ್ಷಣ ಸರಿಯಾಗಿ ನನ್ ಕಡೀಕೇ ತಿರುಗ್ದೆ. ನೋಡ್ಬುಟ್ಟ, ಬತ್ತಾನೆ ಅಂದ್ಕಂಡು ನಾನು ಮತ್ತೆ ಕೂಗ್ಲೇ ಇಲ್ಲ. ನೀನು ನೀರಿನ್ ಕಡೆ ಇಳಿಯೋದ್ ಕಂಡು ಕೂಗಾನ ಅನ್ನೋಷ್ಟ್ರಲ್ಲಿ ಕಣ್ಣು ಕತ್ಲೆ ಬಂದ್ಬುಡ್ತು. ಮತ್ಯಾಕ್ಲಾ ಆ ಕಡೆ ಹೋದೆ?"

ಕೇಳಿಸಲಿಲ್ಲ ಎಂದರೆ ಸುಳ್ಳಾಗುತ್ತದೆ. ಕೇಳಿಸಿತು ಎಂದರೆ, ಸತ್ತುಹೋದ ಆ ಕಿವಿಗೆ ಅದು ಹೇಗೆ ಕೇಳಿಸಿತೋ ನನಗೇ ಗೊತ್ತಿಲ್ಲ.